ಮಾನಿಟರ್ ಬದಲಾದದ್ದನ್ನು ಗಂಗಾಲಕ್ಷ್ಮಿಗೆ ಯಾರೂ ಹೇಳಲಿಲ್ಲ

ಮುಳಬಾಗಿಲಿನ ಒಂದು ಕಚೇರಿಯಲ್ಲಿ ಗಂಗಾಲಕ್ಷ್ಮಿ ಎಂಬ ಹೆಣ್ಣುಮಗಳು ನಾಲ್ಕು ವರ್ಷ ಜನರ ಮಾತು ಕೇಳಿ ಅರ್ಜಿ ಟೈಪು ಮಾಡಿಕೊಟ್ಟರು. ಕಚೇರಿಯ ಹೆಸರು ನಾನು ಬರೆಯುವುದಿಲ್ಲ. ಬರೆದರೆ ಉಳಿದ ಕಚೇರಿಯವರೆಲ್ಲ ‘ಸದ್ಯ, ನಮ್ಮದಲ್ಲ’ ಎಂದು ಪೇಪರು ಮಡಿಸಿ ಬೋಂಡದ ಎಣ್ಣೆ ಒರೆಸಲು ಇಟ್ಟುಕೊಳ್ಳುತ್ತಾರೆ. ಹೆಸರಿಲ್ಲದಿದ್ದರೆ ಪ್ರತಿಯೊಬ್ಬರಿಗೂ ಒಂದಿಷ್ಟು ಅನುಮಾನ ಉಳಿಯುತ್ತದೆ. ಉಳಿಯಲಿ.

ಗಂಗಾಲಕ್ಷ್ಮಿಯವರದು ತಾಯಲೂರಿನ ಮಗ್ಗುಲ ಹಳ್ಳಿ. ಮನೆಯಲ್ಲಿ ಹಿಪ್ಪುನೇರಳೆ, ರೇಷ್ಮೆ ಹುಳು. ಏಳನೇ ವಯಸ್ಸಿನಲ್ಲಿ ದಡಾರ ಬಂದು ಎರಡೂ ಕಣ್ಣು ಹೋದವು. ತಾಯಿ ಮುನಿಗಂಗಮ್ಮ ಮಗಳನ್ನು ಎಲ್ಲಿ ಬಿಡುವುದು ಎಂದು ತಿಳಿಯದೆ ಹುಳುಮನೆಯಲ್ಲಿ ಕೂರಿಸಿ ಹೊಲಕ್ಕೆ ಹೋಗುತ್ತಿದ್ದರು. ಹುಳು ಬೆಳೆದ ಮೇಲೆ ಸೊಪ್ಪು ತಿನ್ನುವ ಸದ್ದು ಇದೆಯಲ್ಲ, ಹೊರಗೆ ಸಣ್ಣಗೆ ಮಳೆ ಹಿಡಿದಂತೆ ಕೇಳಿಸುತ್ತದೆ. ಆ ಸದ್ದಿನಲ್ಲೇ ಮಗು ಬೆಳೆಯಿತು. ಒಂದು ದಿನ ‘ಅಮ್ಮಾ, ಮೂಲೆ ತಟ್ಟೆ ಸಪ್ಪಗೈತೆ’ ಎಂದಿತು. ಮುನಿಗಂಗಮ್ಮ ಹೋಗಿ ನೋಡಿದರೆ ಆ ತಟ್ಟೆಯ ಹುಳುಗಳಿಗೆ ರೋಗ ಹತ್ತಿತ್ತು. ಕಣ್ಣಿದ್ದವರಿಗೆ ಅದು ಕಾಣಲು ಇನ್ನೂ ಒಂದು ದಿನ ಬೇಕಿತ್ತು. ಅಂದಿನಿಂದ ಆ ಮನೆಯಲ್ಲಿ ಹುಳುವಿನ ವಿಷಯಕ್ಕೆ ಮಗಳ ಕಿವಿಯೇ ಪ್ರಮಾಣ.

ಮುಂದೆ ಕೋಲಾರದಲ್ಲಿ ಸೊಣ್ಣಪ್ಪ ಎಂಬ ಮೇಷ್ಟ್ರು ಸಿಕ್ಕಿದರು. ಅವರಿಗೂ ಕಣ್ಣಿಲ್ಲ. ದುಡ್ಡು ಕೊಟ್ಟು ಕೊಳ್ಳಬೇಕಿಲ್ಲದ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಲಿನಕ್ಸ್ ಹಾಕಿದ ಕಂಪ್ಯೂಟರುಗಳ ಮೇಲೆ ಕಣ್ಣಿಲ್ಲದವರಿಗೆ ಪಾಠ ಮಾಡುತ್ತಿದ್ದರು. ಅದರಲ್ಲಿ ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಒಂದು ವ್ಯವಸ್ಥೆ ಉಂಟು. ಯಾವ ಕೀ ಒತ್ತಿದೆ, ಯಾವ ಅಕ್ಷರ ಬಿತ್ತು, ಎಲ್ಲಿ ತಪ್ಪಾಯಿತು, ಎಲ್ಲವನ್ನೂ ಕನ್ನಡದಲ್ಲೇ ಹೇಳುತ್ತದೆ. ದನಿ ಮಾತ್ರ ತಗಡಿನ ಡಬ್ಬದೊಳಗೆ ಕೂತ ಮುದುಕನದು. ಅದಕ್ಕೇ ಮುಳಬಾಗಿಲಿನ ಕಚೇರಿಯವರು ಆ ದನಿಗೆ ‘ತಾತ’ ಎಂದು ಹೆಸರಿಟ್ಟಿದ್ದರು. ‘ಏನಮ್ಮಾ, ತಾತ ಇವತ್ತು ಮೂಡ್‌ನಲ್ಲವ್ನಾ?’ ಎಂದು ಕಾಫಿಗೆ ಹೋಗುವಾಗ ಕೇಳುವರು. ‘ತಾತಂಗೆ ಕಾಫಿ ಬೇಡ, ನಂಗೆ ತನ್ನಿ’ ಎಂದು ಈಕೆ.

ಕೆಲಸ ಏನೆಂದರೆ, ಪ್ರತಿ ಮಂಗಳವಾರ ಬರೆಯಲು ಬಾರದವರು ಬಂದು ಮೈಕಿನ ಮುಂದೆ ತಮ್ಮ ಕಷ್ಟ ಹೇಳುತ್ತಿದ್ದರು. ಕಂಪ್ಯೂಟರಿನಲ್ಲಿ ಅದು ರೆಕಾರ್ಡ್ ಆಗುತ್ತಿತ್ತು. ಉಳಿದ ದಿನಗಳಲ್ಲಿ ಗಂಗಾಲಕ್ಷ್ಮಿ ಒಂದು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅದನ್ನು ಕೇಳಿ ಅರ್ಜಿಯ ರೂಪಕ್ಕೆ ತರುತ್ತಿದ್ದರು. ಗಡಿಯ ಜನ. ಅರ್ಧ ತೆಲುಗು, ಅರ್ಧ ಕನ್ನಡ, ನಡುನಡುವೆ ಅಳು. ಇದನ್ನೆಲ್ಲ ಬಿಡಿಸಿ ಸಾಹೇಬರಿಗೆ ಅರ್ಥವಾಗುವ ಕನ್ನಡಕ್ಕೆ ಇಳಿಸುವ ತಾಳ್ಮೆ ಆ ಕಚೇರಿಯಲ್ಲಿ ಇನ್ನೊಬ್ಬರಿಗಿರಲಿಲ್ಲ.

ಆದರೂ ಗುತ್ತಿಗೆ ಕೆಲಸ. ಹನ್ನೊಂದು ತಿಂಗಳಿಗೊಮ್ಮೆ ಕೋಲಾರದಿಂದ ಒಬ್ಬ ಅಧಿಕಾರಿ ಬಂದು ಕೆಲಸ ನೋಡಿ ಒಂದು ಸಾಲು ಬರೆಯಬೇಕು. ಸಾಲು ಚೆನ್ನಾಗಿದ್ದರೆ ಆದೇಶ ಮುಂದುವರಿಯುತ್ತದೆ. ಇಲ್ಲದಿದ್ದರೆ ಮನೆಗೆ. ಪ್ರತಿ ಸಲವೂ ಆ ಅಧಿಕಾರಿಯ ಮೊದಲ ಪ್ರಶ್ನೆ ಒಂದೇ ಆಗಿರುತ್ತಿತ್ತು: ‘ಕಣ್ಣು ಕಾಣದೆ ಕಂಪ್ಯೂಟರ್ ಹೆಂಗಮ್ಮ ಮಾಡ್ತೀಯ?’ ಪ್ರತಿ ಸಲವೂ ಗಂಗಾಲಕ್ಷ್ಮಿ ಮಾಡಿ ತೋರಿಸಬೇಕಿತ್ತು. ಕಣ್ಣಿರುವ ನೌಕರರನ್ನು ‘ಕಿವಿ ಇದ್ದೂ ಜನರ ಮಾತು ಯಾಕೆ ಕೇಳುವುದಿಲ್ಲ’ ಎಂದು ಯಾರೂ ತಪಾಸಣೆ ಮಾಡಿದ್ದು ನಾನು ಕಂಡಿಲ್ಲ.

ಈ ಸಲದ ತಪಾಸಣೆ ಆಯುಧ ಪೂಜೆಯ ಮರುವಾರ ಕಳೆದು ಸೋಮವಾರಕ್ಕೆ ನಿಗದಿಯಾಗಿತ್ತು.

ಆಯುಧ ಪೂಜೆ ಎಂದರೆ ಆ ಕಚೇರಿಯಲ್ಲಿ ನರಸಿಂಹಪ್ಪನ ದಿನ. ಅಟೆಂಡರ್ ನರಸಿಂಹಪ್ಪ ಭಕ್ತಿಯ ಮನುಷ್ಯ. ಫ್ಯಾನಿನ ರೆಕ್ಕೆ ತೊಳೆದು, ಪ್ರತಿ ಯಂತ್ರದ ವೈರು ಕಿತ್ತು, ಧೂಳು ಒರೆಸಿ, ಮತ್ತೆ ಸಿಕ್ಕಿಸಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಸರ ಹಾಕುತ್ತಾನೆ. ಸ್ಟೇಪ್ಲರಿಗೂ ಒಂದು ಬೊಟ್ಟು ತಪ್ಪುವುದಿಲ್ಲ. ಆ ವರ್ಷ ಪೂಜೆಗೆ ಸರಿಯಾಗಿ ಕಚೇರಿಗೆ ಒಂದು ದೊಡ್ಡ ಹೊಸ ಮಾನಿಟರ್ ಬಂದಿತ್ತು. ‘ಬಾಗಿಲ ಎದುರಿನ ಟೇಬಲ್ ಮೇಲಿಡಿ. ಕೋಲಾರದಿಂದ ಬರೋರ ಕಣ್ಣಿಗೆ ಮೊದಲು ಅದೇ ಬೀಳ್ಬೇಕು’ ಎಂದರು ಸಾಹೇಬರು. ಬಾಗಿಲ ಎದುರಿನ ಟೇಬಲ್ ಗಂಗಾಲಕ್ಷ್ಮಿಯವರದು. ಗುಮಾಸ್ತ ಚಂದ್ರು ಹಳೆಯ ಮಾನಿಟರ್ ಬಿಚ್ಚಿ ಗೋಡೌನಿಗೆ ಹಾಕಿಸಿ, ಹೊಸದನ್ನು ಅದರ ಜೊತೆ ಬಂದ ಹೊಸ ಥರದ ವೈರಿನಿಂದ ಜೋಡಿಸಿದ. ನರಸಿಂಹಪ್ಪ ಅದಕ್ಕೆ ಮೂರು ಗೆರೆ ವಿಭೂತಿ ಎಳೆದ. ಮಂಗಳಾರತಿ ಆಯಿತು. ಗಂಗಾಲಕ್ಷ್ಮಿ ಹಬ್ಬಕ್ಕೆ ಊರಿಗೆ ಹೋಗಿದ್ದರು.

ಇಲ್ಲಿ ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಅದೇ ನನಗೆ ಹೊಟ್ಟೆ ಉರಿಯುವ ವಿಷಯ.

ಹಬ್ಬ ಮುಗಿದ ಸೋಮವಾರ ಗಂಗಾಲಕ್ಷ್ಮಿ ಬಂದು ಸ್ವಿಚ್ ಹಾಕಿದರು. ಒಳಗಿನ ಫ್ಯಾನು ತಿರುಗಿತು. ಯಂತ್ರ ಎದ್ದಾಗ ತಮಟೆಗೆ ಒಂದು ಏಟು ಬಿದ್ದಂತೆ ಬರುತ್ತಿದ್ದ ಸದ್ದು ಬರಲಿಲ್ಲ. ಗುಪ್ತಪದ, ಅಂದರೆ ಪಾಸ್‌ವರ್ಡು, ಹೊಡೆದರು. ತಾತ ಮಾತಾಡಲಿಲ್ಲ. ಆರಿಸಿ ಮತ್ತೆ ಹಾಕಿದರು. ಇಲ್ಲ. ಕೈ ಕೆಳಗಿಳಿಸಿ ಕಂಪ್ಯೂಟರ್ ಡಬ್ಬದ ಹಿಂಭಾಗ ತಡವಿದಾಗ ಬೆರಳಿಗೆ ಏನೋ ಹತ್ತಿತು. ಮೂಸಿ ನೋಡಿದರು. ಕುಂಕುಮ. ಹೆಡ್‌ಫೋನ್ ಚುಚ್ಚುವ ತೂತಿನ ಬಾಯಿಗೇ ನೀರಲ್ಲಿ ಕಲಸಿ ಇಟ್ಟು, ಒಣಗಿ, ಗಟ್ಟಿಯಾಗಿತ್ತು.

‘ನರಸಿಂಹಪ್ನೋರೇ, ತೂತಿಗೂ ಇಟ್ಟಿದ್ದೀರಲ್ಲ!’

‘ಅಯ್ಯೋ ತಾಯಿ, ಅದ್ಕೆ ಮುಖ ಯಾವ್ದು ಬೆನ್ನು ಯಾವ್ದು ನಂಗೇನ್ ಗೊತ್ತು? ಹಿಂದೆ ಮುಂದೆ ಎರಡು ಕಡೆನೂ ಇಟ್ಟೆ, ದೇವ್ರು ಯಾವ ಕಡೆಯಿಂದಾದ್ರೂ ನೋಡ್ಕಳ್ಳಿ ಅಂತ.’

ಕಚೇರಿಯೆಲ್ಲ ನಕ್ಕಿತು. ಗಂಗಾಲಕ್ಷ್ಮಿಯೂ ನಕ್ಕರು. ಕಾರಣ ಸಿಕ್ಕಿತಲ್ಲ ಎಂಬ ಸಮಾಧಾನ ಅದು. ಆದರೆ ಸಿಕ್ಕಿದ್ದು ತಪ್ಪು ಕಾರಣವಾಗಿತ್ತು, ಮತ್ತು ಅದು ಎರಡು ದಿನ ತಿಂದಿತು. ಯಂತ್ರ ಆರಿಸಿ, ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಚೂರು ಚೂರೇ ಕುಂಕುಮ ಕೆರೆದು ತೆಗೆದರು. ಮಂಗಳವಾರ ಬಂದ ಜನರನ್ನು ‘ಮುಂದಿನ ವಾರ ಬನ್ನಿ’ ಎಂದು ವಾಪಸ್ ಕಳಿಸಬೇಕಾಯಿತು. ನಾಲ್ಕು ವರ್ಷದಲ್ಲಿ ಹಾಗೆ ಕಳಿಸಿದ್ದು ಅದೇ ಮೊದಲು. ತೂತು ಶುದ್ಧವಾಯಿತು. ಹೆಡ್‌ಫೋನನ್ನು ಚಂದ್ರುವಿನ ಮೊಬೈಲಿಗೆ ಹಾಕಿ ನೋಡಿದರೆ ಹಾಡು ಗಣಗಣ ಕೇಳಿಸಿತು. ಕಂಪ್ಯೂಟರಿಗೆ ಹಾಕಿದರೆ ಸಪ್ಪಗೆ.

ಬುಧವಾರ ಸೊಣ್ಣಪ್ಪ ಮೇಷ್ಟ್ರಿಗೆ ಫೋನು ಮಾಡಿದರು. ಆಕೆಯದು ಬಟನ್ ಒತ್ತುವ ಹಳೆಯ ಫೋನು.

ಮೇಷ್ಟ್ರು ಸಮಾಧಾನದಿಂದ ಕೇಳಿದರು. ‘ಹೆಡ್‌ಫೋನು ಚೆನ್ನಾಗೈತೆ, ತೂತೂ ಚೆನ್ನಾಗೈತೆ ಅಂದ್ರೆ, ಸದ್ದು ಬೇರೆ ಯಾವ್ದೋ ದಾರೀಲಿ ಹೋಗ್ತಾ ಐತೆ ಕಣಮ್ಮ. ಹೊಸ ಸಾಮಾನು ಏನಾದ್ರೂ ಜೋಡ್ಸವ್ರಾ?’

‘ಇರಿ ಸಾರ್, ಕೇಳ್ತೀನಿ.’ ಫೋನು ಹಿಡಿದುಕೊಂಡೇ ಪಕ್ಕದ ಟೇಬಲಿನ ಕಡೆ ತಿರುಗಿದರು. ‘ಚಂದ್ರು ಸಾರ್, ನಾನಿಲ್ದಾಗ ಹೊಸದೇನಾದ್ರೂ ಹಾಕಿದ್ರಾ ಇದಕ್ಕೆ?’

‘ಏನೂ ಇಲ್ಲಮ್ಮ. ನಿಮ್ ಸಾಮಾನು ಯಾರೂ ಮುಟ್ಟಿಲ್ಲ’ ಎಂದ ಚಂದ್ರು.

ಸುಳ್ಳು ಹೇಳುವ ಮನುಷ್ಯನಲ್ಲ ಆತ. ಕೀಬೋರ್ಡು, ಮೈಕು, ಹೆಡ್‌ಫೋನು: ಇವು ಗಂಗಾಲಕ್ಷ್ಮಿಯವರ ಸಾಮಾನು. ಮಾನಿಟರ್ ಕಣ್ಣಿದ್ದವರ ಸಾಮಾನು. ಕಣ್ಣಿಲ್ಲದವಳಿಗೆ ಮಾನಿಟರಿನ ಸುದ್ದಿ ಯಾಕೆ? ಆಕೆಯ ಕೈಗೂ ಕೀಬೋರ್ಡು ದಾಟಿ ಆ ಕಡೆ ಹೋಗುವ ಕಾರಣ ಎಂದೂ ಬಂದಿರಲಿಲ್ಲ.

‘ಏನೂ ಹಾಕಿಲ್ವಂತೆ ಸಾರ್’ ಎಂದರು ಫೋನಿನಲ್ಲಿ.

‘ಹಂಗಾದ್ರೆ ಒಂದೇ ಉಳಿದಿರೋದು. ಸೆಟ್ಟಿಂಗ್ಸಲ್ಲಿ ಸೌಂಡ್ ಅಂತ ಐತೆ. ಅದರೊಳಗೆ ಔಟ್‌ಪುಟ್ ಅಂತ ಬರ್ದು ಮುಂದೆ ಒಂದು ಹೆಸರು ಇರ್ತದೆ. ಆ ಹೆಸರು ಏನೂಂತ ಯಾರಾದ್ರೂ ಓದಿ ಹೇಳಲಿ ಸಾಕು. ಅದೊಂದು ಸಾಲು ನಂಗೆ ಗೊತ್ತಾದ್ರೆ ಇಲ್ಲಿಂದಲೇ ಸರಿ ಮಾಡ್ಸ್ತೀನಿ.’

ಒಂದು ಸಾಲು ಓದಬೇಕಿತ್ತು. ನೆನಪಿಡಿ. ಇಡೀ ಕಥೆಯಲ್ಲಿ ಗಂಗಾಲಕ್ಷ್ಮಿ ಬೇರೆಯವರಿಂದ ಕೇಳಿದ್ದು ಅಷ್ಟೇ.

ಬೇರೆ ಯಾವ ರೋಗವಾದರೂ ಆಗಿದ್ದರೆ ಆಕೆಯೇ ಗುಣ ಮಾಡುತ್ತಿದ್ದರು. ಪ್ರಿಂಟರ್ ಕೆಟ್ಟಾಗ ಇಡೀ ಕಚೇರಿಯದನ್ನು ಸರಿ ಮಾಡಿದವರು ಅವರೇ. ಆದರೆ ಸದ್ದಿನ ರೋಗಕ್ಕೆ ಮದ್ದು ಹುಡುಕಲು ಸದ್ದೇ ಬೇಕು. ಲಿನಕ್ಸ್ ಎಲ್ಲರದು, ಅದರ ಮದ್ದೆಲ್ಲ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ ಎನ್ನುತ್ತಾರೆ. ನಿಜವೇ. ಆ ಮದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ಪರದೆಯ ಮೇಲೆ ಇಟ್ಟಿದ್ದಾರೆ, ಕಾಣುವವರಿಗೆ. ಎಲ್ಲರದು ಎಂದಮೇಲೆ ಊರ ಬೀದಿಯ ದನದ ಹಾಗೆ, ಕಾಯಿಲೆ ಬಿದ್ದರೆ ನನ್ನದು ಎನ್ನುವವನು ಒಬ್ಬನೂ ಇರುವುದಿಲ್ಲ.

ಗುರುವಾರ ಒಬ್ಬೊಬ್ಬರನ್ನೇ ಕೇಳಿದರು. ಒಬ್ಬರಿಗೆ ಮೀಟಿಂಗು. ಒಬ್ಬರಿಗೆ ‘ಕನ್ನಡಕ ತಂದಿಲ್ಲ ಕಣಮ್ಮ’. ‘ನೋಡಿ, ನಂಗೂ ಕಣ್ಣಿಲ್ಲ ನಿಮಗೂ ಕಣ್ಣಿಲ್ಲ, ಇಬ್ರೂ ಸೇರಿ ಕಾಫಿ ಕುಡಿಯಣ’ ಎಂದು ತಮಾಷೆ ಮಾಡಿದ ಪುಣ್ಯಾತ್ಮರೂ ಇದ್ದರು. ಶುಕ್ರವಾರ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಿಂದ ಕಂಪ್ಯೂಟರ್ ರಿಪೇರಿಯ ವೆಂಕಟ್ ಬಂದ. ನಿಂತುಕೊಂಡೇ ಪರದೆ ನೋಡಿದ.

‘ಇದು ಲಿನಕ್ಸಾ? ಇದ್ಯಾರ್ ಹಾಕಿದ್ದು ನಿಮ್ಗೆ? ತೆಗ್ದು ಎಲ್ಲರೂ ಹಾಕೋದನ್ನ ಹಾಕ್ತೀನಿ, ಒಂದು ಗಂಟೆ ಕೆಲ್ಸ.’

‘ತೆಗೆದ್ರೆ ಒಳಗಿರೋದು ಉಳೀತದಾ ವೆಂಕಟಣ್ಣ?’

‘ಎಲ್ಲಾ ಅಳಿಸ್ಲೇಬೇಕಮ್ಮ.’

‘ಬೇಡಣ್ಣ. ಇನ್ನೂ ಟೈಪ್ ಆಗ್ದಿರೋ ಜನಗಳ ಮಾತವೆ ಅದ್ರಲ್ಲಿ. ನೀವೇನೂ ಮಾಡ್ಬೇಡಿ, ಸೌಂಡ್ ಸೆಟ್ಟಿಂಗಲ್ಲಿ ಒಂದು ಹೆಸರು ಓದಿ ಸಾಕು.’

‘ಓದಕ್ಕೆ ಬಂದಿಲ್ಲಮ್ಮ ನಾನು, ರಿಪೇರಿಗೆ ಬಂದಿರೋದು’ ಎಂದು ವೆಂಕಟ್ ಸ್ಕೂಟರ್ ಹತ್ತಿದ.

ಆ ರಾತ್ರಿ ಗಂಗಾಲಕ್ಷ್ಮಿ ಊಟ ಮಾಡಲಿಲ್ಲವಂತೆ. ‘ಪೋನೀ ಬಿಡೇ, ಹೋದ್ರೆ ಹೋಗ್ಲಿ ಆ ಕೆಲ್ಸ, ಹುಳ ನೋಡ್ಕಂಡು ಇರೀವಂತೆ’ ಎಂದರು ಮುನಿಗಂಗಮ್ಮ. ಮಗಳಿಗೆ ಸಿಟ್ಟು ಬಂತು. ‘ಏಳು ವರ್ಷದವಳಾಗಿದ್ದಾಗ ಕೂರಿಸ್ದೆ ಅಲ್ಲಿ. ಮತ್ತೆ ಅಲ್ಲೇ ಕೂರಿಸ್ತೀಯಾ?’

ಹುಳುಮನೆಯಲ್ಲಿ ಕೂರುವುದು ಕೀಳು ಕೆಲಸವೆಂದು ಗಂಗಾಲಕ್ಷ್ಮಿ ಎಂದೂ ಹೇಳಿದವರಲ್ಲ. ಆದರೆ ಬೆಳಿಗ್ಗೆ ತಾಯಲೂರಿನಲ್ಲಿ ಬಸ್ಸು ಹತ್ತುವಾಗ ಕಂಡಕ್ಟರು ‘ಮೇಡಂ, ಮುಂದೆ ಬನ್ನಿ’ ಅನ್ನುತ್ತಿದ್ದನಲ್ಲ, ಆ ‘ಮೇಡಂ’ ಹುಳುಮನೆಯಲ್ಲಿ ಸಿಗುವುದಿಲ್ಲ.

ಶನಿವಾರ ಚಂದ್ರುವಿಗೆ ಮನಸ್ಸು ಕರಗಿತು. ಕುರ್ಚಿ ಎಳೆದುಕೊಂಡು ಆಕೆಯ ಪಕ್ಕ ಕೂತ. ಅಂದು ಕಚೇರಿಯ ಬೆಂಚಿನ ಮೇಲೆ ಸಾಹೇಬರಿಗಾಗಿ ಕಾಯುತ್ತಿದ್ದವರು ಐದು ಮಂದಿ. ನಡೆದದ್ದೆಲ್ಲ ನಮಗೆ ಕೇಳಿಸುತ್ತಿತ್ತು. ನಮಗೆ ಎಂದೆ. ಐದರಲ್ಲಿ ನಾನೊಬ್ಬ.

‘ಮೇಲೆ ಬಲಗಡೆ ಮೂಲೆ ಒತ್ತಿ ಸಾರ್. ಹಲ್ಲಿನ ಚಕ್ರದ ಥರ ಒಂದು ಇರ್ತದಂತೆ.’

‘ಹೂಂ, ಐತೆ.’

‘ಅದರೊಳಗೆ ಸೌಂಡ್.’

‘ಇರಮ್ಮಾ, ಇದು ಹುಡುಕಕ್ಕೆ ಅಕ್ಷರ ಹೊಡಿ ಅಂತೈತೆ. ಕನ್ನಡ ಬೀಳ್ತಾ ಐತಲ್ಲ... ಹಾಂ, ಇಂಗ್ಲೀಷಿಗೆ ಹಾಕ್ದೆ. ಸೌಂಡ್ ಸಿಕ್ತು. ವಾಲ್ಯೂಮ್ ನೂರಕ್ಕೆ ಇಡ್ತೀನಿ. ಫುಲ್ಲು. ಕೆಳಗೆ ಒಂದು ಪಟ್ಟಿ ಕುಣೀತಾ ಐತೆ.’

‘ಕುಣೀತಾ ಐತಾ?’ ಗಂಗಾಲಕ್ಷ್ಮಿ ಒಂದು ಕೀ ಒತ್ತಿದರು. ‘ಈಗ ಕುಣೀತಾ?’

‘ಕುಣೀತು.’

‘ಈಗ?’

‘ಹೂಂ ಕಣಮ್ಮ, ನೀವ್ ಒತ್ತಿದಾಗೆಲ್ಲ ಕುಣೀತೈತೆ.’

ಆರು ದಿನದ ಮೇಲೆ ಆ ಮುಖದಲ್ಲಿ ನಗು ಬಂದದ್ದು ಆಗ. ‘ಹಂಗಾದ್ರೆ ತಾತ ಮಾತಾಡ್ತಾ ಅವ್ನೆ ಸಾರ್! ಸತ್ತಿಲ್ಲ. ಎಲ್ಲೋ ಬೇರೆ ಕಡೆ ಮಾತಾಡ್ತಾ ಅವ್ನೆ. ಔಟ್‌ಪುಟ್ ಅಂತ ಐತಲ್ಲ, ಅದರ ಮುಂದೆ ಏನ್ ಬರ್ದೈತೆ ಓದಿ. ಅಷ್ಟೇ ಸಾರ್. ಮುಗೀತು ಇನ್ನ.’

‘ಅದೇನೋ ಉದ್ದುಕ್ಕೆ ಐತೆ, ಎಚ್ಚು...’

‘ಚಂದ್ರೂ!’ ಎಂದು ಒಳಗಿನಿಂದ ಸಾಹೇಬರ ಕೂಗು ಬಂತು.

‘ಬಂದೆ ಸಾರ್!’ ಚಂದ್ರು ಎದ್ದೇಬಿಟ್ಟ. ‘ಅದೆಲ್ಲ ಸರಿಯಾಗೇ ಐತೆ ಬಿಡಮ್ಮ. ಬಂದೆ, ಎರಡೇ ನಿಮಿಷ.’

ಎರಡು ನಿಮಿಷಕ್ಕೆ ಬರಲಿಲ್ಲ. ಸೋಮವಾರ ಅಧಿಕಾರಿ ಬರುತ್ತಾರಲ್ಲ, ಕಡತಗಳನ್ನೆಲ್ಲ ಹೊಂದಿಸಬೇಕಿತ್ತು. ಗಂಗಾಲಕ್ಷ್ಮಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದರು. ಆಮೇಲೆ ಬೆಂಚಿನ ಕಡೆ ಮುಖ ಮಾಡಿ ಕೇಳಿದರು. ‘ಯಾರಾದ್ರೂ ಇದ್ದೀರಾ? ಒಂದು ಸಾಲು ಓದ್ಬೇಕಿತ್ತು.’

ಆವನಿ ಕಡೆಯ ಬೈರಮ್ಮ ಎಂಬ ಮುದುಕಿ ಎದ್ದು ಹತ್ತಿರ ಹೋದರು. ‘ನಂಗ್ ಓದಕ್ ಬರಾಕಿಲ್ಲ ಕಣವ್ವ. ಬಂದಿದ್ರೆ ನಿನ್ ತಾವ ಯಾಕ್ ಬರ್ತಿದ್ದೆ’ ಎಂದು ಆಕೆಯ ತಲೆ ಸವರಿ ವಾಪಸ್ ಬಂದು ಕೂತರು.

ನನಗೆ ಓದಲು ಬರುತ್ತಿತ್ತು. ಶಾಲೆಗೆ ಹೋಗದಿದ್ದರೂ ಔಷಧದ ಚೀಟಿ, ಹಳೆಯ ಇಂಗ್ಲಿಷ್ ಪೇಪರು ಹಿಡಿದು ಹಟದಿಂದ ಕಲಿತವನು. ಆದರೆ ಮುಂದಿನ ಸರದಿ ನನ್ನದಾಗಿತ್ತು. ಎದ್ದರೆ ಸರದಿ ತಪ್ಪುತ್ತದೆ ಎಂದುಕೊಂಡೆ. ಕರೆ ಬಂತು, ಒಳಗೆ ಹೋದೆ, ನನ್ನ ಕೆಲಸ ಮುಗಿಸಿ ಹಿಂದಿನ ಬಾಗಿಲಿನಿಂದ ಬಸ್ಸಿಗೆ ಹೋದೆ.

ಸೋಮವಾರ ಕೋಲಾರದ ಅಧಿಕಾರಿ ಬಂದರು. ಬಾಗಿಲಲ್ಲೇ ಹೊಸ ಮಾನಿಟರ್ ಕಣ್ಣಿಗೆ ಬಿತ್ತು. ಸಾಹೇಬರು ಎಣಿಸಿದಂತೆಯೇ ಅವರಿಗೆ ಖುಷಿಯಾಯಿತು. ಆ ದಿನದ್ದನ್ನು ಚಂದ್ರುವೇ ನನಗೆ ಆಮೇಲೆ ಒಂದೊಂದು ಮಾತೂ ಬಿಡದೆ ಹೇಳಿದ್ದು.

‘ಏನಮ್ಮಾ, ಕೆಲಸ ತೋರ್ಸು ನೋಡೋಣ.’

‘ಸಾರ್, ಎಂಟು ದಿನದಿಂದ ಸೌಂಡ್ ಬರ್ತಾ ಇಲ್ಲ. ಸೌಂಡಿಲ್ದೆ ನಂಗೆ...’

ಅಧಿಕಾರಿ ತಾವೇ ಮೌಸ್ ಅಲುಗಿಸಿದರು. ‘ಎಲ್ಲಾ ಚೆನ್ನಾಗಿ ಬರ್ತಾ ಇದೆಯಲ್ಲಮ್ಮ! ಎಷ್ಟು ಕ್ಲಿಯರಾಗಿ ಕಾಣ್ತಾ ಇದೆ.’

‘ಕಾಣೋದು ತಗೊಂಡು ನಾನೇನ್ ಮಾಡ್ಲಿ ಸಾರ್?’

ಸುತ್ತ ನಿಂತವರು ನಕ್ಕರು. ಅಧಿಕಾರಿಯೂ ನಕ್ಕು, ‘ಆಯ್ತು, ನಾನು ಹೇಳ್ತೀನಿ, ಟೈಪ್ ಮಾಡು’ ಎಂದರು.

ಅದಕ್ಕೆ ಆಕೆ ಒಪ್ಪಿದರು. ಬೆರಳಿಗೆ ಕೀಗಳೆಲ್ಲ ಬಾಯಿಪಾಠ. ಅಧಿಕಾರಿ ಒಂದು ವಾಕ್ಯ ಹೇಳಿದರು, ಗಂಗಾಲಕ್ಷ್ಮಿ ಪಟಪಟನೆ ಹೊಡೆದರು. ಇನ್ನೊಂದು ಹೇಳಿದರು, ಹೊಡೆದರು. ಒಂದು ಅಕ್ಷರವೂ ತಪ್ಪಿರಲಿಲ್ಲ. ಆದರೆ ಶನಿವಾರ ಚಂದ್ರು ಕೀಬೋರ್ಡನ್ನು ಇಂಗ್ಲಿಷಿಗೆ ಹಾಕಿದವನು ತಿರುಗಿ ಕನ್ನಡಕ್ಕೆ ಹಾಕಿರಲಿಲ್ಲ. ದನಿ ಇದ್ದಿದ್ದರೆ ಮೊದಲ ಅಕ್ಷರಕ್ಕೇ ತಾತ ಹೇಳಿಬಿಡುತ್ತಿದ್ದ. ಆ ದೊಡ್ಡ ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಕೋಳಿ ಕೆದರಿದ ಹಾಗೆ, ಎಲ್ಲರಿಗೂ ಕಾಣುವಂತೆ ಹರಡಿಕೊಂಡವು. ಆಕೆ ಟೈಪು ಮಾಡುತ್ತಲೇ ಇದ್ದರು. ಯಾರೂ ತಡೆಯಲಿಲ್ಲ.

‘ಸರಿಯಾಗಿದೆಯಾ ಸಾರ್?’ ಎಂದು ಕೊನೆಗೆ ಕೇಳಿದರು.

‘ಆಯ್ತಮ್ಮ, ಆಯ್ತು’ ಎಂದರು ಅಧಿಕಾರಿ, ಕರುಣೆಯ ದನಿಯಲ್ಲಿ. ಗಂಗಾಲಕ್ಷ್ಮಿಯ ಕಿವಿಗೆ ಆ ದನಿ ಸಾಕಾಯಿತು. ಕೈ ಎರಡನ್ನೂ ಕೀಬೋರ್ಡಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು.

ವರದಿಯಲ್ಲಿ ಬರೆದ ಸಾಲು ಇದು: ‘ಗಣಕಯಂತ್ರವು ಸುಸ್ಥಿತಿಯಲ್ಲಿದೆ. ಸಿಬ್ಬಂದಿಯು ಅದನ್ನು ನಿರ್ವಹಿಸಲು ಶಕ್ತರಿರುವುದಿಲ್ಲ.’ ತಿಂಗಳ ಕೊನೆಗೆ ಆದೇಶ ಮುಗಿಯಿತು, ಮುಂದುವರಿಯಲಿಲ್ಲ. ಹೆಡ್‌ಫೋನ್ ಆಕೆಯ ಸ್ವಂತದ್ದು. ಅದನ್ನು ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದರು.

ಅದಾಗಿ ಹತ್ತು ದಿನಕ್ಕೆ ಆ ಜಾಗಕ್ಕೆ ಕಣ್ಣು ಕಾಣುವ ಹೊಸ ಆಪರೇಟರ್ ಬಂದರು. ತಪಾಸಣೆ ಮುಗಿದಿತ್ತಲ್ಲ, ದೊಡ್ಡ ಮಾನಿಟರ್ ಸಾಹೇಬರ ಕೊಠಡಿಗೆ ಹೋಗಿತ್ತು. ನರಸಿಂಹಪ್ಪ ಗೋಡೌನಿನಿಂದ ಹಳೆಯದನ್ನು ಹೊತ್ತು ತಂದ. ಚಂದ್ರು ಅದರ ಹಳೆಯ ವೈರಿನಿಂದಲೇ ಜೋಡಿಸಿ ಸ್ವಿಚ್ ಹಾಕಿದ.

ತಮಟೆಗೆ ಏಟು ಬಿದ್ದಂತೆ ಡುಂ ಎಂದಿತು. ಹೆಡ್‌ಫೋನಿನ ತೂತಿಗೆ ಹೊಸಬರು ತಮ್ಮ ಪುಟ್ಟ ಸ್ಪೀಕರು ಚುಚ್ಚಿದ್ದರು. ಆ ಶನಿವಾರ ದನಿಯನ್ನು ನೂರಕ್ಕೆ ಇಟ್ಟಿದ್ದು ಚಂದ್ರುವೇ. ತಗಡಿನ ಡಬ್ಬದ ತಾತ ಇಡೀ ಕಚೇರಿ ಅದುರುವಂತೆ ಕೂಗಿ ಹೇಳಿದ: ‘ಗಂಗಾಲಕ್ಷ್ಮಿ. ಗುಪ್ತಪದ ನಮೂದಿಸಿ.’

ನರಸಿಂಹಪ್ಪ ಕೈ ಮುಗಿದುಬಿಟ್ಟ. ಹೊಸ ಆಪರೇಟರ್ ಕಿವಿ ಮುಚ್ಚಿಕೊಂಡು, ‘ಅಯ್ಯೋ, ಇದ್ರ ಬಾಯಿ ಮುಚ್ಚಿಸಿ ಸಾರ್’ ಎಂದರು. ಚಂದ್ರು ಹೊರಗೆ ಬಂದು ಗಂಗಾಲಕ್ಷ್ಮಿಗೆ ಫೋನು ಮಾಡಿದ.

‘ಗಂಗಾಲಕ್ಷ್ಮಮ್ಮ, ತಾತ ಮಾತಾಡ್ದ.’

‘ಏನ್ ಮಾಡಿದ್ರಿ ಸಾರ್?’

‘ಏನೂ ಇಲ್ಲ. ಹಳೇ ಮಾನಿಟ್ರು ವಾಪಸ್ ಹಾಕಿದ್ವಿ, ಅಷ್ಟೆ.’

‘ಹಳೇದು ವಾಪಸ್ ಅಂದ್ರೆ? ಹೊಸದು ಯಾವಾಗ ಹಾಕಿದ್ರಿ?’

‘ಆಯುಧ ಪೂಜೆ ದಿನ.’

ಗಂಗಾಲಕ್ಷ್ಮಿ ತಾವೇ ಬಿಡಿಸಿ ಹೇಳಿದರು. ‘ಅವತ್ತು ಎಚ್ಚು ಅಂತ ಓದ್ತಾ ಇದ್ರಲ್ಲ, ಅದು ಎಚ್‌ಡಿಎಂಐ. ಆ ಹೊಸ ಥರದ ವೈರಲ್ಲಿ ಚಿತ್ರದ ಜೊತೆ ಸದ್ದೂ ಹೋಗ್ತದೆ ಸಾರ್. ಮಾನಿಟರ್‌ಗೆ ಬಾಯಿ ಐತೆ ಅನ್ಕಂಡು ತಾತ ಅದರಲ್ಲಿ ಮಾತಾಡ್ತಾ ಇದ್ದ. ಆ ಮಾನಿಟರ್‌ಗೆ ಸ್ಪೀಕರ್ ಇರಲಿಲ್ಲ ಅಲ್ವಾ?’

‘ಇರ್ಲಿಲ್ಲ ಕಣಮ್ಮ.’

‘ನಾನು ಕೇಳಿದ್ನಲ್ಲ ಸಾರ್. ಹೊಸದೇನಾದ್ರೂ ಹಾಕಿದ್ರಾ ಅಂತ.’

‘ನಿಮ್ ಸಾಮಾನು ಕೇಳಿದ್ರಿ ಅನ್ಕಂಡೆ ಕಣಮ್ಮ. ಮಾನಿಟ್ರು ನಿಮಗ್ಯಾಕೆ ಅಂತ...’

‘ಒಳಗಿದ್ದ ಜನಗಳ ಮಾತು ಅವೆಯಲ್ಲ ಸಾರ್? ಅದಾದ್ರೂ ಯಾರಾದ್ರೂ ಟೈಪ್ ಮಾಡ್ಲಿ.’

‘ಇದಾವೆ, ನಾನ್ ನೋಡ್ಕತೀನಿ’ ಎಂದ. ಅವು ಉಳಿಯಲಿಲ್ಲ. ಮಾತಾಡುವ ಕಂಪ್ಯೂಟರ್ ನನಗೆ ಬೇಡ ಎಂದು ಹೊಸಬರು ಹೇಳಿದ್ದಕ್ಕೆ ಅದೇ ಸಂಜೆ ವೆಂಕಟ್ ಬಂದು ಒಂದು ಗಂಟೆಯಲ್ಲಿ ಎಲ್ಲವನ್ನೂ ಅಳಿಸಿ, ಎಲ್ಲರೂ ಹಾಕುವುದನ್ನು ಹಾಕಿ ಹೋದ. ಬೈರಮ್ಮ ಮೈಕಿನ ಮುಂದೆ ಹೇಳಿಕೊಂಡಿದ್ದೂ ಅದರಲ್ಲೇ ಹೋಯಿತು.

ನಾನು ಪೇಪರಿಗೆ ಬರೆಯುವವನೆಂದು ಗೊತ್ತಿದ್ದ ಚಂದ್ರು ನನ್ನ ಹತ್ತಿರ ಬಂದು ಇದನ್ನೆಲ್ಲ ಹೇಳಿಕೊಂಡು ಅತ್ತ. ನಾನು ಸಿಟ್ಟಿನಲ್ಲಿ ಸಾಹೇಬರ ಹತ್ತಿರ ಹೋದೆ. ಕಾರಣ ತಿಳಿದಿದೆ, ತಪ್ಪು ಆಕೆಯದಲ್ಲ, ವರದಿ ತಿದ್ದಿಸಿ ಎಂದೆ. ಅವರು ಕೂರಿಸಿ ನೀರು ಕೊಟ್ಟು ಸಾವಧಾನವಾಗಿ ಹೇಳಿದರು. ‘ನೋಡಿ, ಯಂತ್ರ ಸುಸ್ಥಿತಿಯಲ್ಲಿದೆ ಅಂತ ತಾನೆ ವರದೀಲಿರೋದು? ಸುಸ್ಥಿತೀಲೇ ಇತ್ತಲ್ಲ, ನೀವೇ ಹೇಳ್ತಾ ಇದ್ದೀರಿ. ತಿದ್ದೋದಕ್ಕೆ ಏನಿದೆ ಇದರಲ್ಲಿ?’ ಅವರ ಹಿಂದೆ ಆ ದೊಡ್ಡ ಮಾನಿಟರ್ ಬೆಳಗುತ್ತಿತ್ತು. ವಿಭೂತಿಯ ಮೂರು ಗೆರೆ ಇನ್ನೂ ಹಾಗೇ ಇತ್ತು.

ಅಚ್ಚಿಗೆ ಕೊಡುವ ಮೊದಲು ಈ ಬರಹವನ್ನು ಆಕೆಗೆ ಓದಿ ಹೇಳಬೇಕೆಂದು ಊರಿಗೆ ಹೋದೆ. ಹುಳುಮನೆಯಲ್ಲಿ ತಟ್ಟೆಗಳ ನಡುವೆ ಗೋಣಿತಾಟು ಹಾಕಿಕೊಂಡು ಕೂತಿದ್ದರು. ಹುಳು ಸೊಪ್ಪು ತಿನ್ನುತ್ತಿದ್ದವು. ಹೆಡ್‌ಫೋನ್ ಗೋಡೆಯ ಮೊಳೆಗೆ ನೇತುಬಿದ್ದಿತ್ತು. ನಾನು ಓದುತ್ತ ಹೋದೆ. ಶನಿವಾರದ ಬೆಂಚಿನ ಭಾಗ ಬಂದಾಗ ಗಂಗಾಲಕ್ಷ್ಮಿ ಕೈಯೆತ್ತಿ ತಡೆದರು.

‘ನೀವಿದ್ರಾ ಅವತ್ತು ಅಲ್ಲಿ?’

‘ಇದ್ದೆ ತಾಯಿ.’

‘ಓದಕ್ಕೆ ಬರ್ತಿತ್ತಾ ನಿಮಗೆ? ಇಂಗ್ಲೀಷು?’

‘ಬರ್ತಿತ್ತು.’

ಆಕೆ ಪಕ್ಕದ ತಟ್ಟೆಯ ಮೇಲೆ ಅಂಗೈ ಊರಿ ಒಂದಷ್ಟು ಹೊತ್ತು ಹುಳುವಿನ ಸದ್ದು ಕೇಳಿಸಿಕೊಂಡರು. ಆಮೇಲೆ ಹೇಳಿದರು.

‘ಈಗ ಓದ್ತಾ ಇದ್ದೀರಲ್ಲ. ಓದಿ.’

ಓದಿದೆ.